ಅಗ್ಗದ ಮುಖದ ಕ್ರೀಮ್, ಪ್ರೈಮರ್: ಹಚ್ಚುವ ಮುನ್ನ ತಿಳಿದಿರಬೇಕಾದದ್ದು

ಮುಖಕ್ಕೆ ಹಚ್ಚುವ ಕ್ರೀಮಿನ ಬೆಲೆ ಹೆಚ್ಚಿದಂತೆ ಗುಣವೂ ಹೆಚ್ಚುತ್ತದೆ ಎನ್ನಲಾಗದು. ತೇವಾಂಶ ಹಿಡಿದಿಡುವ ಗ್ಲಿಸರಿನ್ ಅಗ್ಗದ ವಸ್ತು; ದುಬಾರಿ ಕ್ರೀಮುಗಳಲ್ಲಿಯೂ ಅದು ಬಳಕೆಯಾಗುತ್ತದೆ.

ಪ್ರೈಮರ್: ಮೇಕಪ್‌ಗೆ ಮುನ್ನ ಲೇಪಿಸುವ ಇದರಲ್ಲಿ ಸಾಮಾನ್ಯವಾಗಿ ಡೈಮೆಥಿಕೋನ್‌ನಂತಹ ಸಿಲಿಕೋನ್ ಇರುತ್ತದೆ. ಅದು ಚರ್ಮದ ರಂಧ್ರಗಳನ್ನು ಮರೆಮಾಡಿ ನುಣುಪು ತೋರಿಸುತ್ತದೆಯೇ ಹೊರತು ಅವುಗಳನ್ನು ಕುಗ್ಗಿಸುವುದಿಲ್ಲ. ಮೊದಲು ಕ್ರೀಮ್, ನಂತರ ಸನ್‌ಸ್ಕ್ರೀನ್, ಅದು ಒಣಗಿದ ಮೇಲೆ ತೆಳುವಾಗಿ ಪ್ರೈಮರ್ ಹಚ್ಚುವುದು ಸೂಕ್ತ ಕ್ರಮ.

ಪರೀಕ್ಷೆ: ಹೊಸ ಕ್ರೀಮನ್ನು ಮೊಣಕೈಯ ಒಳಭಾಗದಲ್ಲಿ ದಿನಕ್ಕೆ 2 ಬಾರಿಯಂತೆ 7ರಿಂದ 10 ದಿನ ಹಚ್ಚಿ ನೋಡಬೇಕು. ತುರಿಕೆ, ಉರಿ, ಕೆಂಪು ಕಾಣಿಸದಿದ್ದರೆ ಮಾತ್ರ ಮುಖಕ್ಕೆ ಬಳಸಬಹುದು. ಒಮ್ಮೆಗೆ ಒಂದೇ ಹೊಸ ವಸ್ತುವನ್ನು ಪರೀಕ್ಷಿಸಿದರೆ ತೊಂದರೆಯ ಮೂಲ ಪತ್ತೆಯಾಗುತ್ತದೆ.

ಎಚ್ಚರಿಕೆ: ಕೆಲವೇ ದಿನಗಳಲ್ಲಿ ಬಿಳುಪು ತರುವುದಾಗಿ ಹೇಳಿಕೊಳ್ಳುವ ಕ್ರೀಮುಗಳಲ್ಲಿ ಪಾದರಸ ಅಥವಾ ಸ್ಟೀರಾಯ್ಡ್ ಇರುವ ಸಾಧ್ಯತೆಯುಂಟು. ಸ್ಟೀರಾಯ್ಡ್‌ನ ದೀರ್ಘ ಬಳಕೆಯಿಂದ ಚರ್ಮ ತೆಳುವಾಗುತ್ತದೆ, ಮೊಡವೆ ಏಳುತ್ತವೆ. ಪಾದರಸವು ಚರ್ಮದ ಮೂಲಕ ರಕ್ತ ಸೇರಿ ಮೂತ್ರಪಿಂಡಕ್ಕೆ ಹಾನಿ ಮಾಡುತ್ತದೆ. 2023ರಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ವರದಿಯಾದ ಮೂತ್ರಪಿಂಡ ಕಾಯಿಲೆಯ ಪ್ರಕರಣಗಳಿಗೆ ಇಂತಹ ಕ್ರೀಮುಗಳ ನಂಟಿರುವುದನ್ನು ವೈದ್ಯರು ಗುರುತಿಸಿದ್ದರು. ಭಾರತದ 2020ರ ಪ್ರಸಾಧನ ನಿಯಮಗಳು ಮುಖದ ಕ್ರೀಮುಗಳಲ್ಲಿ ಪಾದರಸದ ಬಳಕೆಯನ್ನು ನಿಷೇಧಿಸಿವೆ. ಅರಿವಿಲ್ಲದೆ ಬೆರೆತರೂ ಮುಖದ ಕ್ರೀಮಿನಲ್ಲಿ 10 ಲಕ್ಷ ಭಾಗಕ್ಕೆ 1 ಭಾಗವನ್ನು ಮೀರುವಂತಿಲ್ಲ.

ಇಂತಹ ಕ್ರೀಮ್ ಬಳಸುವವರಲ್ಲಿ ಕಾಲೂತ ಅಥವಾ ನೊರೆ ಮೂತ್ರ ಕಂಡುಬಂದರೆ ಕ್ರೀಮನ್ನು ನಿಲ್ಲಿಸಿ, ಅದರ ಡಬ್ಬಿಯೊಂದಿಗೆ ವೈದ್ಯರನ್ನು ಕಾಣುವುದು ಅವಶ್ಯ. ತಯಾರಕರ ವಿಳಾಸ, ಪರವಾನಗಿ ಸಂಖ್ಯೆ, ಬ್ಯಾಚ್ ಸಂಖ್ಯೆ ಮತ್ತು ಬಳಕೆಯ ಅವಧಿ ನಮೂದಾಗದ ಕ್ರೀಮನ್ನು ಎಷ್ಟೇ ಅಗ್ಗವಾಗಿದ್ದರೂ ಕೊಳ್ಳದಿರುವುದೇ ಲೇಸು.