ತುಕ್ಕು ಹಿಡಿಯದ ಒಡಲು: ಸಿಮಿಟರ್‌ನಿಂದ ಡಾಲ್ಫಿನ್‌ವರೆಗೆ

ಬಳ್ಳಾರಿ ಜಿಲ್ಲೆಯ ಕುರುಗೋಡಿನ ಬೀದಿಯಲ್ಲಿ ನಿಂತ ಯಾವುದಾದರೂ ಕಾರಿನ ಬಾಗಿಲಿಗೆ ಅಯಸ್ಕಾಂತವೊಂದನ್ನು ತಾಗಿಸಿ ನೋಡಿ. ಬಹುಮಟ್ಟಿಗೆ ಅದು ಅಂಟಿಕೊಳ್ಳುತ್ತದೆ. ಏಕೆಂದರೆ ಕಾರಿನ ಒಡಲು ಉಕ್ಕಿನ ತಗಡಿನದು. ಅಂಥ ಉಕ್ಕು ಅದೇ ಜಿಲ್ಲೆಯ ತೋರಣಗಲ್ಲಿನಲ್ಲಿ ತಯಾರಾಗುತ್ತದೆ. ಆದರೆ ಅಯಸ್ಕಾಂತ ಅಂಟದ ಒಡಲಿನ ಕಾರೊಂದು ನಮ್ಮ ರಾಜ್ಯದಲ್ಲೇ ತಯಾರಾಗುತ್ತಿತ್ತು ಎಂಬುದು ನಿಮಗೆ ಗೊತ್ತೆ? ಅದೇ ಬೆಂಗಳೂರಿನ ಸಿಪಾನಿ ಡಾಲ್ಫಿನ್. ಬ್ರಿಟನ್ನಿನ ಹೆಸರಾಂತ ಸ್ಪೋರ್ಟ್ಸ್ ಕಾರೊಂದು ಅದರ ಹತ್ತಿರದ ಬಂಧು.

ಇಂಗ್ಲೆಂಡಿನ ಟ್ಯಾಮ್‌ವರ್ತ್‌ನಲ್ಲಿ 1935ರಲ್ಲಿ ಆರಂಭವಾದ ರಿಲಯಂಟ್ ಕಂಪನಿ ಮೊದಲು ಮೂರು ಚಕ್ರದ ವಾಹನಗಳನ್ನು ತಯಾರಿಸುತ್ತಿತ್ತು. 1950ರ ದಶಕದಲ್ಲಿ ಅದು ಫೈಬರ್‌ಗ್ಲಾಸ್ ಒಡಲಿಗೆ ತಿರುಗಿತು. ಈ ಅನುಭವವೇ ಅದನ್ನು ಸ್ಪೋರ್ಟ್ಸ್ ಕಾರುಗಳತ್ತ ಒಯ್ದಿತು. 1968ರ ಸಿಮಿಟರ್ ಜಿಟಿಇ ಕಾರನ್ನು ವಿನ್ಯಾಸಗೊಳಿಸಿದವರು ಓಗಲ್ ಸಂಸ್ಥೆಯ ಟಾಮ್ ಕರೆನ್. ಫೋರ್ಡ್‌ನ 3 ಲೀಟರ್ ವಿ-6 ಎಂಜಿನ್ ಇದ್ದ ಈ ಕಾರು ಗಂಟೆಗೆ ಸುಮಾರು 190 ಕಿ.ಮೀ. ವೇಗ ಮುಟ್ಟುತ್ತಿತ್ತು. ಬ್ರಿಟನ್ನಿನ ರಾಜಕುಮಾರಿ ಆನ್ ಇದನ್ನು ಮೆಚ್ಚಿ ಓಡಿಸುತ್ತಿದ್ದರು.

ಫೈಬರ್‌ಗ್ಲಾಸ್ ಒಡಲನ್ನು ಮಾಡುವುದು ಹೇಗೆ? ಅಚ್ಚಿನ ಒಳಮೈಗೆ ಗಾಜಿನ ಎಳೆಗಳ ಹಾಸನ್ನು ಹರಡಿ, ಪಾಲಿಯೆಸ್ಟರ್ ರಾಳ ಬಳಿದು, ರೋಲರ್‌ನಿಂದ ಗಾಳಿಗುಳ್ಳೆಗಳನ್ನು ಹೊರದೂಡುತ್ತಾರೆ. ರಾಳ ಗಟ್ಟಿಯಾದ ಮೇಲೆ ಒಡಲನ್ನು ಅಚ್ಚಿನಿಂದ ಬಿಡಿಸುತ್ತಾರೆ. ಇದು ಉಕ್ಕಿಗಿಂತ ಬಹಳ ಹಗುರ, ತುಕ್ಕು ಹಿಡಿಯದು. ಆದರೆ ಉಕ್ಕಿನಷ್ಟು ಬಿಗುವು ಇದಕ್ಕಿಲ್ಲ. ಆದ್ದರಿಂದಲೇ ಸಿಮಿಟರ್‌ನ ಒಡಲಿನಡಿ ಭಾರ ಹೊರಲು ಉಕ್ಕಿನ ಚಾಸಿ ಬೇಕಾಯಿತು.

ಇದೇ ರಿಲಯಂಟ್ ಕಂಪನಿ 1975ರಲ್ಲಿ ಕಿಟನ್ ಎಂಬ ಪುಟ್ಟ ಕಾರನ್ನು ಹೊರತಂದಿತು. ಅದರ 848 ಸಿ.ಸಿ. ಎಂಜಿನ್ ಅಲ್ಯೂಮಿನಿಯಂ ಮಿಶ್ರಲೋಹದ್ದು. ಬಾದಲ್ ಎಂಬ ಮೂರು ಚಕ್ರದ ಫೈಬರ್ ವಾಹನವನ್ನು ಅದಾಗಲೇ ತಯಾರಿಸಿದ್ದ ಬೆಂಗಳೂರಿನ ಕಂಪನಿ, ಕಿಟನ್‌ನ ವಿನ್ಯಾಸವನ್ನು ಆಧರಿಸಿ 1982ರಲ್ಲಿ ಡಾಲ್ಫಿನ್ ಕಾರನ್ನು ಮಾರುಕಟ್ಟೆಗೆ ತಂದಿತು. ಎಂಜಿನ್ ಮುಂದೆ, ಚಾಲನೆ ಹಿಂದಿನ ಚಕ್ರಗಳಿಗೆ, ಎರಡೇ ಬಾಗಿಲು. ಹಗುರವಾಗಿದ್ದುದರಿಂದ ರ‍್ಯಾಲಿಪಟುಗಳಿಗೂ ಇದು ಪ್ರಿಯವಾಯಿತು.

ಹಾಗಾದರೆ ಅದು ಉಳಿಯಲಿಲ್ಲವೇಕೆ? 1983ರ ಡಿಸೆಂಬರ್‌ನಲ್ಲಿ ಮಾರುತಿ 800 ಬಂದಿತು. ಫೈಬರ್ ಒಡಲು ಡಿಕ್ಕಿಯಾದರೆ ತಾಳೀತೆ ಎಂಬ ಅನುಮಾನ ಕೊಳ್ಳುವವರಲ್ಲಿತ್ತು. ಆದರೆ ಮುಖ್ಯ ಕಾರಣ ಉತ್ಪಾದನೆಯ ಲೆಕ್ಕಾಚಾರದಲ್ಲಿದೆ. ಉಕ್ಕಿನ ತಗಡನ್ನು ಒತ್ತುವ ಯಂತ್ರ ಹಾಗೂ ಅಚ್ಚುಗಳಿಗೆ ಅಪಾರ ಬಂಡವಾಳ ಬೇಕು. ಒಮ್ಮೆ ಹೂಡಿದರೆ ಪ್ರತಿ ಭಾಗವೂ ಕೆಲವೇ ಸೆಕೆಂಡುಗಳಲ್ಲಿ ಸಿದ್ಧ. ಫೈಬರ್‌ಗ್ಲಾಸ್‌ನ ಅಚ್ಚು ಅಗ್ಗ; ಆದರೆ ಕೈಕೆಲಸ ಹೆಚ್ಚು, ರಾಳ ಗಟ್ಟಿಯಾಗುವವರೆಗೆ ಅಚ್ಚು ಬಿಡುವಾಗದು. ಸಾವಿರ ಕಾರುಗಳಿಗೆ ಫೈಬರ್ ಲಾಭ, ಲಕ್ಷ ಕಾರುಗಳಿಗೆ ಉಕ್ಕು ಲಾಭ. ಸ್ಪೋರ್ಟ್ಸ್ ಕಾರನ್ನು ಕೊಳ್ಳುವವರು ಕೆಲವರೇ ಆದ್ದರಿಂದ ಸಿಮಿಟರ್‌ಗೆ ಈ ವಿಧಾನ ಒಗ್ಗಿತು. ಜನಸಾಮಾನ್ಯರ ಕಾರಾಗಬೇಕಿದ್ದ ಡಾಲ್ಫಿನ್‌ಗೆ ಅದೇ ತೊಡಕಾಯಿತು.

1990ರ ದಶಕದಲ್ಲಿ ಸಿಪಾನಿ ಕಾರುಗಳ ತಯಾರಿಕೆ ನಿಂತಿತು. ಫೈಬರ್‌ಗ್ಲಾಸ್ ಮಾತ್ರ ಮರೆಯಾಗಲಿಲ್ಲ. ಇಂದು ಗಾಳಿಯಂತ್ರಗಳ ಉದ್ದನೆಯ ರೆಕ್ಕೆಗಳಲ್ಲಿ ಅದು ತಿರುಗುತ್ತಿದೆ. ಒಳ್ಳೆಯ ವಸ್ತು, ಕೆಟ್ಟ ವಸ್ತು ಎಂಬುದಿಲ್ಲ. ಎಷ್ಟು ಬೇಕು, ಯಾರಿಗೆ ಬೇಕು ಎಂಬುದನ್ನು ಮೊದಲು ಕೇಳಿ. ವಸ್ತುವಿನ ಆಯ್ಕೆ ಆಮೇಲಿನ ಮಾತು.