ಫೈಬರ್‌ಗ್ಲಾಸ್ ಫ್ಲೈ ರಾಡ್
ಫೈಬರ್‌ಗ್ಲಾಸ್ ಫ್ಲೈ ರಾಡ್ ಎಂಬುದು ಗಾಜಿನ ಎಳೆಗಳನ್ನು ರಾಳದಲ್ಲಿ ಬೆಸೆದು ತಯಾರಿಸಿದ, ಕೃತಕ ನೊಣವನ್ನು ಎಸೆದು ಮೀನು ಹಿಡಿಯುವ ಗಾಳದ ಕೋಲು. 1940ರ ದಶಕದ ಕೊನೆಯಲ್ಲಿ ಅಮೆರಿಕದಲ್ಲಿ ಬಳಕೆಗೆ ಬಂದ ಇದು ಬಿದಿರಿನ ಕೋಲನ್ನು ಬದಿಗೆ ಸರಿಸಿತು. 1970ರ ದಶಕದಿಂದ ಗ್ರಾಫೈಟ್ ಇದರ ಸ್ಥಾನವನ್ನು ಪಡೆಯಿತು. ಆದರೂ ಕಿರುತೊರೆಗಳಿಗೆ ಇದೇ ಹೆಚ್ಚು ಒಗ್ಗುತ್ತದೆ. ಕೋಲು ಬುಡದವರೆಗೂ ನಿಧಾನವಾಗಿ ಬಾಗುವುದರಿಂದ ಹತ್ತಿರದ ಎಸೆತ ಸುಲಭ. ಮೀನು ಜಗ್ಗಿದಾಗ ತೆಳುದಾರ ತುಂಡಾಗುವ ಸಂಭವವೂ ಕಡಿಮೆ.

ಸಕಲೇಶಪುರ, ಆಲೂರು ತಾಲ್ಲೂಕುಗಳಲ್ಲಿ ಹೇಮಾವತಿಯನ್ನು ಸೇರುವ ತೊರೆಗಳು ಇಂಥ ಕೋಲಿಗೆ ತಕ್ಕ ಗಾತ್ರದವು. ಆದರೆ ಟ್ರೌಟ್ ಇಲ್ಲಿನ ಮೀನಲ್ಲ. ತಣ್ಣೀರನ್ನೇ ಬಯಸುವ ಈ ಮೀನನ್ನು ಬ್ರಿಟಿಷರು ನೀಲಗಿರಿಯಲ್ಲಿ ಸುಮಾರು 2,000 ಮೀಟರ್ ಎತ್ತರದ ಹೊಳೆಗಳಿಗೆ ತಂದು ಬಿಟ್ಟರು. ಸಕಲೇಶಪುರದ ಎತ್ತರ ಅದರ ಅರ್ಧದಷ್ಟೂ ಇಲ್ಲ. ಹೇಮಾವತಿಯು ಸೇರುವ ಕಾವೇರಿಯ ಜಲಾನಯನಕ್ಕಷ್ಟೇ ಸೀಮಿತವಾದ ಗೂನುಬೆನ್ನಿನ ಮಹಶೀರ್ 2018ರಿಂದ ಐಯುಸಿಎನ್ ಕೆಂಪುಪಟ್ಟಿಯಲ್ಲಿ ತೀವ್ರವಾಗಿ ಅಳಿವಿನಂಚಿನಲ್ಲಿರುವ ಪ್ರಭೇದವೆಂದು ದಾಖಲಾಗಿದೆ.