ರೆಸ್ಪಿರೇಟರ್: ವಿಕಿರಣ ರಕ್ಷಣೆಯಲ್ಲಿ ಲಾಭ-ನಷ್ಟದ ಲೆಕ್ಕ

ವಿಕಿರಣಶೀಲ ದೂಳು, ಆವಿ, ಅನಿಲ ಉಸಿರಿನೊಂದಿಗೆ ಒಳಗೆ ಹೋಗದಂತೆ ತಡೆಯುವ ಸಾಧನ ರೆಸ್ಪಿರೇಟರ್. ಹೊರಗಿನಿಂದ ಮೈಯನ್ನು ಹಾಯುವ ಗಾಮಾ ಕಿರಣಕ್ಕೆ ಅದು ಅಡ್ಡಿಯಲ್ಲ. ಅದರ ಲಾಭ-ನಷ್ಟದ ಚರ್ಚೆಯೆಲ್ಲ ಹುಟ್ಟಿದ್ದು ಈ ಮಿತಿಯಿಂದಲೇ.

ಮೊದಮೊದಲು ಒಳಸೇರುವ ವಿಕಿರಣ ಮತ್ತು ಹೊರಗಿನ ವಿಕಿರಣಕ್ಕೆ ಬೇರೆ ಬೇರೆ ಲೆಕ್ಕವಿತ್ತು. ಗಾಳಿಯ ಮೇಲೆ ಸಂಶಯ ಬಂದರೆ ಮುಖಗವಸು ಹಾಕಿಸಿಬಿಡುವುದೇ ರೂಢಿ. ಅಂತರರಾಷ್ಟ್ರೀಯ ವಿಕಿರಣ ರಕ್ಷಣಾ ಆಯೋಗವು 1977ರಲ್ಲಿ ತನ್ನ 26ನೇ ಪ್ರಕಟಣೆಯಲ್ಲಿ ಎರಡನ್ನೂ ಕೂಡಿಸುವ ಕ್ರಮ ತಂದಿತು. ಅಮೆರಿಕ 1991ರಲ್ಲಿ ಇದನ್ನು ನಿಯಮವಾಗಿಸಿತು. ಅಂದಿನಿಂದ ಪ್ರಶ್ನೆ ಬದಲಾಯಿತು: ಗವಸು ಹಾಕಿದರೆ ಒಟ್ಟು ಡೋಸ್ ಇಳಿಯುತ್ತದೆಯೇ, ಏರುತ್ತದೆಯೇ?

ಗಂಟೆಗೆ 1 ಮಿಲಿಸೀವರ್ಟ್ ಗಾಮಾ ಇರುವಲ್ಲಿ ಒಂದು ಗಂಟೆಯ ವಾಲ್ವ್ ರಿಪೇರಿ ಎಂದುಕೊಳ್ಳಿ. ಗವಸಿಲ್ಲದಿದ್ದರೆ ಉಸಿರಿನಿಂದ ಬರುವುದು 0.1 ಮಿಲಿಸೀವರ್ಟ್, ಒಟ್ಟು 1.1. ಗವಸು ತೊಟ್ಟಾಗ ಗಾಜು ಮಬ್ಬಾಗುತ್ತದೆ, ಬೆವರು ಇಳಿಯುತ್ತದೆ, ಜೊತೆಯವನ ಮಾತು ಕೇಳಿಸದು. ಕೆಲಸ ಕಾಲು ಗಂಟೆ ಎಳೆದರೆ ಗಾಮಾ ಒಂದರಿಂದಲೇ 1.25. ರಕ್ಷಣೆಗೆಂದು ಹಾಕಿದ್ದೇ ಹೊರೆಯಾಯಿತು. ಗಡ್ಡವಿದ್ದರಂತೂ ಅಂಚು ಮುಖಕ್ಕೆ ಸರಿಯಾಗಿ ಕೂರುವುದೇ ಇಲ್ಲ.

ಬೆಂಗಳೂರಿನ ಪೂರ್ವಭಾಗದಲ್ಲಿ, ಇಂದಿರಾನಗರದಾಚೆಯ ಸಿ.ವಿ. ರಾಮನ್ ನಗರದಲ್ಲಿರುವ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ ಡೆಬೆಲ್ ಪ್ರಯೋಗಾಲಯ ಸೈನಿಕರಿಗಾಗಿ ತಲೆ-ಮುಖ ಮುಚ್ಚುವ ಹುಡ್ ಮಾಸ್ಕ್ ರೂಪಿಸಿದೆ. ರಣರಂಗದ ಲೆಕ್ಕ ಬೇರೆ. ಅಲ್ಲಿ ಗಾಳಿಯನ್ನು ಅಳೆದು ನೋಡುವಷ್ಟು ಪುರುಸೊತ್ತು ಎಲ್ಲಿಯದು? ಮೊದಲು ತೊಡಬೇಕು, ಅಳತೆ ಆಮೇಲೆ.

ಉತ್ತರ ಕನ್ನಡದ ಕೈಗಾ ಅಣುವಿದ್ಯುತ್ ಸ್ಥಾವರದಲ್ಲಿ ಸಮಸ್ಯೆ ಇನ್ನೂ ತೊಡಕಿನದು. ಕಾಳಿ ನದಿ ದಂಡೆಯ ಈ ಸ್ಥಾವರದಲ್ಲಿ 2000ದಿಂದ ಭಾರಜಲ ರಿಯಾಕ್ಟರುಗಳು ವಿದ್ಯುತ್ ಕೊಡುತ್ತಿವೆ. ಭಾರಜಲ ನ್ಯೂಟ್ರಾನ್ ಹೀರಿದಾಗ ಟ್ರೀಷಿಯಂ ಎಂಬ ವಿಕಿರಣಶೀಲ ಹೈಡ್ರೋಜನ್ ಹುಟ್ಟುತ್ತದೆ. ಅದು ನೀರಾವಿಯಾಗಿ ಗಾಳಿ ಸೇರುವುದರಿಂದ ದೂಳು ತಡೆಯುವ ಫಿಲ್ಟರಿಗೆ ಸಿಕ್ಕುವುದಿಲ್ಲ. ದೇಹ ಸೇರುವುದರಲ್ಲಿ ಸುಮಾರು ಮೂರನೇ ಒಂದು ಪಾಲು ಚರ್ಮದ ಮೂಲಕವೇ. ಹೀಗಾಗಿ ಇಂಥ ರಿಯಾಕ್ಟರುಗಳಲ್ಲಿ ಕೊಳವೆಯಿಂದ ಶುದ್ಧ ಗಾಳಿ ತುಂಬುವ, ಇಡೀ ಮೈ ಮುಚ್ಚುವ ಪ್ಲಾಸ್ಟಿಕ್ ಉಡುಪು ಬಳಸುತ್ತಾರೆ. ಟ್ರೀಷಿಯಂ ಎಷ್ಟು ಒಳಸೇರಿದೆ ಎಂದು ತಿಳಿಯಲು ಕಾರ್ಮಿಕರ ಮೂತ್ರ ಪರೀಕ್ಷೆ ವಾಡಿಕೆಯ ಕೆಲಸ.

2009ರ ನವೆಂಬರಿನಲ್ಲಿ ಇಂಥದೇ ಪರೀಕ್ಷೆಯಿಂದ ಕೈಗಾದ ಸುಮಾರು 55 ಸಿಬ್ಬಂದಿಯ ದೇಹದಲ್ಲಿ ಟ್ರೀಷಿಯಂ ಹೆಚ್ಚಿರುವುದು ಪತ್ತೆಯಾಯಿತು. ಅದು ಉಸಿರಿನಿಂದ ಬಂದದ್ದಲ್ಲ. ಯಾರೋ ಕುಡಿಯುವ ನೀರಿನ ಕೂಲರಿಗೆ ಭಾರಜಲ ಬೆರೆಸಿದ್ದರು.